ಮಗಳಿಗೊಂದು ಪತ್ರ: ಅಟ್ಟದ ಮೇಲಿನ ಪೈಪು

ಆಲ್ದೂರು,
ಭಾನುವಾರ ಮಧ್ಯಾಹ್ನ

ಪುಟ್ಟೀ,

ದೀಪಾವಳಿಗೆ ಬಂದಾಗ ಅಟ್ಟ ಗುಡಿಸಲು ಹತ್ತಿದವಳು ಗೋಣಿಚೀಲ ಸುತ್ತಿಟ್ಟಿದ್ದ ಉದ್ದದ ಪೈಪೊಂದನ್ನು ಹಿಡಿದು, "ಅಮ್ಮಾ, ಇದೇನು?" ಅಂದಿದ್ದೆ. ನೆಂಟರು ಕೂತಿದ್ದರು. "ಹಳೇ ಕಾರಿನದು, ಅಲ್ಲೇ ಇಡು" ಅಂದುಬಿಟ್ಟೆ. ಮೊನ್ನೆ ಫೋನಿನಲ್ಲಿ ನೀನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಸೈಲೆನ್ಸರ್ ಬದಲಾಯಿಸಬೇಕು, ಆಮೇಲೆ ಎಂಜಿನ್ನಿನ ಕಂಪ್ಯೂಟರಿಗೆ ಆ ಪಟಪಟ ಸಿಡಿಯುವ ಟ್ಯೂನ್ ಹಾಕಿಸಬೇಕು ಅಂದೆಯಲ್ಲ, ಆಗ ನಿನ್ನಪ್ಪ "ಅದರಿಂದ ಏನುಪಯೋಗ?" ಅಂತ ಕೇಳಿದರು. ನೀನು ಸುಮ್ಮನಾದೆ. ನಿನ್ನ ಆ ಮೌನ ನನ್ನನ್ನು ಎರಡು ರಾತ್ರಿ ಕಾಡಿತು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಮನುಷ್ಯರು ಇದೇ ಪ್ರಶ್ನೆ ಕೇಳಿದಾಗ ನಾನೂ ಹೀಗೇ ಸುಮ್ಮನಾಗಿದ್ದೆ. ಆಗ ಹೇಳಬೇಕಿದ್ದದ್ದನ್ನು ಈಗ ನಿನಗೆ ಬರೆಯುತ್ತಿದ್ದೇನೆ.

ಮೊದಲು ನಿನ್ನಜ್ಜನ ಎತ್ತಿನ ಗಾಡಿಯಿಂದ ಶುರುಮಾಡುತ್ತೇನೆ. ಎತ್ತುಗಳ ಕೊರಳಿಗೆ ಗೆಜ್ಜೆಸರ ಕಟ್ಟುತ್ತಿದ್ದರು. ಕತ್ತಲಲ್ಲಿ ಎದುರಿಗೆ ಬರುವವರಿಗೆ ಗೊತ್ತಾಗಲಿ ಅನ್ನುವುದು ನೆಪ. ಅದಕ್ಕಾದರೆ ಒಂದು ಗಂಟೆ ಸಾಕಾಗುತ್ತಿತ್ತು. ಅಪ್ಪ ಜಾತ್ರೆಯಲ್ಲಿ ಗೆಜ್ಜೆ ಅಂಗಡಿ ಮುಂದೆ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಹತ್ತರಲ್ಲಿ ಎರಡು ಆರಿಸಿ, ಉಳಿದದ್ದನ್ನು ವಾಪಸ್ ಸುರಿಯುತ್ತಿದ್ದರು. ಗೆಜ್ಜೆ ಕಟ್ಟಿದ ಮಾತ್ರಕ್ಕೆ ಎತ್ತು ಒಂದು ಮಣ ಜಾಸ್ತಿ ಎಳೆಯುವುದಿಲ್ಲ. ಆದರೂ ಸಂಜೆ ಆ ಸದ್ದು ತಿರುವಿನಾಚೆ ಕೇಳಿಸಿದರೆ ಅಮ್ಮ ಒಲೆ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಉಪಯೋಗ ಇಲ್ಲ ಅಂತ ಆಗ ಯಾರೂ ಅಂದದ್ದು ನನಗೆ ನೆನಪಿಲ್ಲ. ನೀನು ಸೈಕಲ್ಲಿನ ಕಡ್ಡಿಗಳಿಗೆ ರಟ್ಟಿನ ಚೂರು ಸಿಕ್ಕಿಸಿಕೊಂಡು ಪಟಪಟ ಅಂತ ಬೀದಿಯೆಲ್ಲ ಸುತ್ತಿದ್ದೂ ಅದೇ ವಂಶದ ಗುಣ.

ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದ ವರ್ಷ ನಮ್ಮ ಎಸ್ಟೇಟಿನ ಹಿಂದಿನ ರಸ್ತೆಯಲ್ಲಿ ಕಾರ್ ರ‍್ಯಾಲಿ ಹೋಯಿತು. ಚಿಕ್ಕಮಗಳೂರಿನವರಿಗೆ ರ‍್ಯಾಲಿ ಹಬ್ಬವಿದ್ದಂತೆ, ನಿನಗೆ ಗೊತ್ತು. ಬೇಲಿ ಪಕ್ಕ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿದ್ದೆ. ಏನೂ ಕಾಣುತ್ತಿರಲಿಲ್ಲ. ಗುಡ್ಡದ ಆಚೆ ಬದಿಯಲ್ಲಿ ಒಂದು ಜಿಪ್ಸಿ ಏರುತ್ತಿತ್ತು. ಗೇರ್ ಬದಲಾಯಿಸಿದಾಗ ದನಿ ಒಮ್ಮೆ ಕುಸಿದು ಮತ್ತೆ ಮೇಲಕ್ಕೆ ಹತ್ತುತ್ತಿತ್ತು, ತಿರುವಿನಲ್ಲಿ ಮಂಕಾಗಿ, ಕಣಿವೆಗೆ ತೆರೆದುಕೊಂಡ ಕಡೆ ಎರಡಾಗಿ ಮೊಳಗುತ್ತಿತ್ತು. ಕಾರು ಕಣ್ಣಿಗೆ ಬಿದ್ದದ್ದು ಕ್ಷಣಮಾತ್ರ, ಕೆಂಪು ಧೂಳು, ಅಷ್ಟೇ. ಆದರೆ ಅದು ಏರಿದ ದಾರಿ ಪೂರ್ತಿ ನನ್ನ ಕಿವಿಯಲ್ಲಿ ಉಳಿದುಹೋಯಿತು.

2003ರಲ್ಲಿ ಬೆಂಗಳೂರಿನಲ್ಲಿ ಮಾರುತಿ ಎಸ್ಟೀಮ್ ಕಾರು ಕೊಂಡೆವು. ಮನೆಯವರೆಲ್ಲ ಡಿಕ್ಕಿ ನೋಡಿದರು, ಸೀಟು ನೋಡಿದರು. ನಾನು ಬಾನೆಟ್ ಎತ್ತಿಸಿ ನೋಡಿದೆ. ಜಿಪ್ಸಿ ಕಿಂಗ್‌ಗೆ ಹಾಕುತ್ತಿದ್ದ ಜಿ13 ವಂಶದ್ದೇ ಎಂಜಿನ್, 1298 ಸಿಸಿ, ನಾಲ್ಕು ಸಿಲಿಂಡರ್. ಆ ಗುಡ್ಡದಾಚೆಯ ದನಿ ಇದರ ಗಂಟಲಲ್ಲೂ ಇದೆ, ಯಾರೋ ಬಾಯಿಗೆ ಬಟ್ಟೆ ತುರುಕಿದ್ದಾರೆ ಅಂತ ನನಗೆ ಗಟ್ಟಿಯಾಗಿ ಅನಿಸಿತು. ನಿಜಕ್ಕೂ ತುರುಕಿರುತ್ತಾರೆ. ಸೈಲೆನ್ಸರ್ ಡಬ್ಬದ ಒಳಗೆ ತೂತಿನ ಕೊಳವೆಗಳು, ಕೋಣೆಗಳು, ಕೆಲವದರಲ್ಲಿ ಗಾಜಿನ ಉಣ್ಣೆ. ಸದ್ದಿನ ಅಲೆ ಒಂದು ಕೋಣೆಯ ಗೋಡೆಗೆ ಬಡಿದು ಹಿಂದಿರುಗಿ, ಎದುರಿನಿಂದ ಬರುವ ಅಲೆಯನ್ನು ತಾನೇ ಅಳಿಸುತ್ತದೆ. ಉಳಿದ ಚೂರುಪಾರನ್ನು ಉಣ್ಣೆ ಹೀರುತ್ತದೆ.

ಜೆ.ಸಿ. ರೋಡಿನ ಒಂದು ಗಲ್ಲಿಯಲ್ಲಿ ಕಾರು ಬಿಟ್ಟೆ. ಹಿಂದಿನ ಡಬ್ಬ, ನಡುವಿನ ರೆಸೋನೇಟರ್ ಅನ್ನುವ ಸದ್ದು ತಗ್ಗಿಸುವ ಸಣ್ಣ ಡಬ್ಬ, ಎರಡನ್ನೂ ತೆಗೆಸಿ ಅಗಲದ ನೇರ ಪೈಪು ಬೆಸುಗೆ ಹಾಕಿಸಿದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬೇಡಿ ಅಂತ ಮೂರು ಸಲ ಹೇಳಿದ್ದೆ. ಕೆಲಸ ಮಾಡಿದ ಹುಡುಗ ಬಾಗಿ ಕೂತು, ಪೈಪಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ತೆಗೆದು, ಮತ್ತೆ ಹಿಡಿದು, "ಕೇಳಿ ಮೇಡಂ" ಅಂದ. ಅವನ ಕೈಯಡಿ ಅದು ಗುಟುರು ಹಾಕುವ ಗೂಳಿಯ ಹಾಗೆ ಮಿಡಿಯುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಕಾರಿನ ಗುಣ ಹೆಚ್ಚಾಯಿತೇ ಅಂದರೆ, ಇಲ್ಲ. ಅಗಲದ ಪೈಪಿನಲ್ಲಿ ಹೊಗೆಯ ವೇಗ ಇಳಿಯುತ್ತದೆ. ಆ ವೇಗವೇ ಮುಂದಿನ ಸುತ್ತಿನ ಹೊಗೆಯನ್ನು ಸಿಲಿಂಡರಿನಿಂದ ಎಳೆದು ಆಚೆ ಹಾಕಬೇಕು. ಹಾಗಾಗಿ ಎಂಜಿನ್ ನಿಧಾನ ತಿರುಗುವಾಗ, ಅಂದರೆ ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸತ್ತುಹೋಯಿತು. ಚಾರ್ಮಾಡಿ ಘಾಟಿಯಲ್ಲಿ ಮೊದಲು ಮೂರನೇ ಗೇರಿನಲ್ಲಿ ಏರುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಯಿತು. ಲೀಟರಿಗೆ 14 ಕಿಲೋಮೀಟರ್ ಕೊಡುತ್ತಿದ್ದದ್ದು 11ಕ್ಕೆ ಬಂತು. ಅದರಲ್ಲಿ ಅರ್ಧ ತಪ್ಪು ನನ್ನ ಬಲಗಾಲಿನದೂ ಹೌದು. ದುಡ್ಡಿನ ಲೆಕ್ಕ, ಮೈಲೇಜಿನ ಲೆಕ್ಕ, ಶಕ್ತಿಯ ಲೆಕ್ಕ, ಯಾವುದರಲ್ಲೂ ನಾನು ಗೆದ್ದಿಲ್ಲ. ನಿನ್ನಪ್ಪನ ಮುಂದೆ ಬಾಯಿ ಕಟ್ಟಿದ್ದು ಅದಕ್ಕೇ.

ಆದರೆ ನನ್ನ ಹತ್ತಿರ ಇನ್ನೊಂದು ಲೆಕ್ಕ ಇತ್ತು ಪುಟ್ಟೀ. ಹಾಡುವಾಗ ನನ್ನ ಶ್ರುತಿ ಐದು ಮನೆ ಅಂತ ನಿನಗೆ ಗೊತ್ತು. ಅಂದರೆ ನನ್ನ ಷಡ್ಜ 196 ಹರ್ಟ್ಸ್, ಸೆಕೆಂಡಿಗೆ 196 ಕಂಪನ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಹೊತ್ತಿಕೊಳ್ಳುತ್ತದೆ. ನಾಲ್ಕು ಸಿಲಿಂಡರ್ ಅಂದರೆ ಸುತ್ತಿಗೆ ಎರಡು ಬಡಿತ. ಮುಳ್ಳು ನಿಮಿಷಕ್ಕೆ 2940 ಸುತ್ತಿನ ಹತ್ತಿರ ನಿಂತಾಗ ಎಂಜಿನ್ ಸೆಕೆಂಡಿಗೆ 49 ಸುತ್ತು, 98 ಬಡಿತ. 196ರ ಸರಿಯರ್ಧ, ಅಂದರೆ ಕೆಳಸ್ಥಾಯಿಯ ಸ, ನನ್ನ ಮಂದ್ರ ಷಡ್ಜ! ಒಂದು ಸಂಜೆ ಕಡೂರು ದಾಟಿದ ಮೇಲೆ, ನೀನು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಗ, ಸುಮ್ಮನೆ ಗುನುಗಿಕೊಂಡ ಆಲಾಪ ಕಾರಿನ ಜೊತೆ ಗಕ್ಕನೆ ಕೂಡಿಕೊಂಡಿತು. ತಂಬೂರಿಗೆ ಜೀವ ಬಂದ ಹಾಗೆ ಸ್ಟಿಯರಿಂಗ್ ಚಕ್ರ, ಬಾಗಿಲು, ನನ್ನ ಎದೆಯ ಗೂಡು ಎಲ್ಲ ಒಟ್ಟಿಗೆ ಮಿಡಿದವು. ಕಾರು ರಿಪೇರಿಯವರು ಅದನ್ನೇ "ಡ್ರೋನ್", ಬಿಡದೆ ಗುಂಯ್‌ಗುಡುವ ಸದ್ದು, ಅಂತ ದೋಷದ ಪಟ್ಟಿಗೆ ಸೇರಿಸುತ್ತಾರೆ. ನಾನು ಅದರ ಮೇಲೆ ಹಾಡು ಕಟ್ಟಿಕೊಂಡು ಮನೆ ತಲುಪಿದೆ.

ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂತೆ. ಒಂದೇ ಆರ್‌ಪಿಎಂ ಹಿಡಿದು, ಸಮ ಅಂತರದಲ್ಲಿ ಹೊತ್ತಿಕೊಳ್ಳುವ ಎಂಜಿನ್‌ಗಳನ್ನು ಸಾಲಾಗಿ ಇಡು. ಸಿಲಿಂಡರ್ ಹೆಚ್ಚಿದಷ್ಟೂ ಬಡಿತ ಹೆಚ್ಚಿ ಸ್ವರ ಏರುತ್ತದೆ. ನಾಲ್ಕು ಸಿಲಿಂಡರನ್ನು ಷಡ್ಜ ಅಂದುಕೋ. ಹಳೆಯ ಮಾರುತಿ 800 ಮೂರು ಸಿಲಿಂಡರಿನದು, ಅದು ಮಂದ್ರ ಪಂಚಮ. ಎರಡು ಸಿಲಿಂಡರಿನ ನ್ಯಾನೋ ಮಂದ್ರ ಷಡ್ಜ. ಐದು ಸಿಲಿಂಡರ್, ಎಂಬತ್ತರ ದಶಕದ ಆಡಿ ಕ್ವಾಟ್ರೋ ರ‍್ಯಾಲಿ ಕಾರಿನ ಹಾಗೆ, ಅಂತರ ಗಾಂಧಾರ. ಆರು ಪಂಚಮ. ಎಂಟು ತಾರ ಷಡ್ಜ. ಲೆಕ್ಸಸ್ ಎಲ್‌ಎಫ್‌ಎ ಅಂತ ನೀನು ವಿಡಿಯೋ ಕಳಿಸಿದ್ದೆಯಲ್ಲ, ಯಮಾಹಾದವರು ದನಿ ತಿದ್ದಿಕೊಟ್ಟ ಕಾರು, ಅದು ಹತ್ತು ಸಿಲಿಂಡರ್, ತಾರಸ್ಥಾಯಿಯ ಗಾಂಧಾರ. ಹನ್ನೆರಡು ತಾರ ಪಂಚಮ. ಸ, ಗ, ಪ ಬಿಟ್ಟು ಬೇರೆ ಸ್ವರವೇ ಬರಲಿಲ್ಲ! ತಂಬೂರಿಯಲ್ಲಿ ನಾವು ಮೀಟುವುದು ಪಂಚಮ ಮತ್ತು ಷಡ್ಜದ ತಂತಿ, ಆದರೆ ಚೆನ್ನಾಗಿ ಶ್ರುತಿ ಕೂಡಿದರೆ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ. ಕಬ್ಬಿಣ ಪೆಟ್ರೋಲಿನ ಈ ಸಂಸಾರದಲ್ಲೂ ಅದೇ ಮೂರು ಸ್ವರ. ಇದು ಕಂಡ ದಿನ ನಾನು ಅಡಿಗೆ ಮಾಡಲಿಲ್ಲ, ನಿಮಗಿಬ್ಬರಿಗೂ ಹೋಟೆಲಿನಿಂದ ದೋಸೆ ತರಿಸಿದೆ.

ಸುಬಾರು ಕಾರಿನವರ ವಿಷಯ ನೀನೇ ಹೇಳಿದ್ದೆ. ಅಲ್ಲಿ ಎಕ್ಸಾಸ್ಟ್ ಕೊಳವೆಗಳ ಉದ್ದ ಒಂದೇ ಸಮ ಇರದಿದ್ದರಿಂದ ಬಡಿತಗಳು ಹಿಂದೆಮುಂದೆ ತಲುಪಿ ಆ ಗುಡುಗುಡು ಹುಟ್ಟುತ್ತಿತ್ತು. ಕಂಪನಿಯವರು ಕೊಳವೆಗಳನ್ನು ಸಮ ಮಾಡಿದರು, ಹೊಗೆಯ ಹರಿವು ಸುಧಾರಿಸಿತು, ಗುಡುಗುಡು ಹೋಯಿತು. ಈಗ ಜನ ಕೈಯಿಂದ ದುಡ್ಡು ಹಾಕಿ ಸಮವಿರುವುದನ್ನು ಕಿತ್ತು ಮತ್ತೆ ಅಸಮವಾದದ್ದನ್ನೇ ಹಾಕಿಸುತ್ತಾರೆ, ಶಕ್ತಿ ಸ್ವಲ್ಪ ಹೋದರೂ ಹೋಗಲಿ ಅಂತ. ಅವರನ್ನು ಹುಚ್ಚರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ನಿನ್ನ ಆ ಸಿಡಿಯುವ ಟ್ಯೂನ್ ಬೇಡ. ಆಕ್ಸಲರೇಟರ್ ಬಿಟ್ಟಾಗ ಎಂಜಿನ್ ಸಾಮಾನ್ಯವಾಗಿ ಪೆಟ್ರೋಲ್ ನಿಲ್ಲಿಸುತ್ತದೆ. ಈ ಟ್ಯೂನ್ ನಿಲ್ಲಿಸಲು ಬಿಡದೆ, ಕಿಡಿಯನ್ನೂ ತಡಮಾಡಿ, ಪೆಟ್ರೋಲನ್ನು ಪೈಪಿನೊಳಗೆ ಸುಡಿಸುತ್ತದೆ. ಆ ಬಿಸಿಗೆ ನಿನ್ನ ಟರ್ಬೊ ನರಳುತ್ತದೆ, ಕನ್ವರ್ಟರಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಕಟ್ಟಿಕೊಳ್ಳಬಹುದು. ಕಾರು ಹಾಳಾಗುವುದು ಒಂದು ಕಡೆ ಇರಲಿ. ಅದು ಎಂಜಿನ್ನಿನ ದನಿಯೇ ಅಲ್ಲವಲ್ಲ ಮಗಳೇ, ಬಲವಂತದ ಕೆಮ್ಮು. ಹಾಡುವವಳಾಗಿ ನನಗೆ ಅದು ಸಹಿಸುವುದಿಲ್ಲ.

ಈಗ ಪೈಪು ಯಾಕೆ ಅಟ್ಟ ಸೇರಿತು ಅನ್ನುವುದು.

ನಮ್ಮ ಬೆಂಗಳೂರಿನ ಮನೆಯ ಎದುರು ಮನೆಯಲ್ಲಿ ಬಾಣಂತಿ ಇದ್ದಳು. ನಾನು ಸಂಗೀತದ ಕ್ಲಾಸು ಮುಗಿಸಿ ಬರುವಾಗ ರಾತ್ರಿ ಹತ್ತು ದಾಟುತ್ತಿತ್ತು. ಗಲ್ಲಿಗೆ ತಿರುಗುವಾಗ ಎಂಜಿನ್ ಆದಷ್ಟು ಮೆಲ್ಲಗೆ ಇಡುತ್ತಿದ್ದೆ, ಸಾಕು ಅಂದುಕೊಂಡಿದ್ದೆ. ಅವರು ಒಂದು ಮಾತೂ ಆಡಲಿಲ್ಲ, ಎದುರಾದರೆ ನಗುತ್ತಿದ್ದರು. ಏಪ್ರಿಲ್ ತಿಂಗಳು, ಫ್ಯಾನಿನ ಗಾಳಿಯೂ ಬಿಸಿ. ಒಂದು ಬೆಳಿಗ್ಗೆ ಹಾಲು ತರಲು ಹೊರಗೆ ಬಂದವಳು ತಲೆಯೆತ್ತಿ ನೋಡಿದರೆ ಅವರ ಬೀದಿಬದಿಯ ಕಿಟಕಿಗೆ ಒಳಗಿನಿಂದ ಒಂದು ಕೌದಿ ಹೊಡೆದಿದ್ದರು. ನಾಲ್ಕು ಮೂಲೆಗೂ ಮೊಳೆ. ಮೇಲಿನ ಮೊಳೆಯ ಹತ್ತಿರ ಕೌದಿಯ ಹಸಿರು ತೇಪೆ ಹರಿದು ಒಳಗಿನ ಹಳೇ ಸೀರೆಯ ಅಂಚು ಇಣುಕುತ್ತಿತ್ತು. ಮಗು ಹುಟ್ಟುವ ಮುಂಚೆ ಅಜ್ಜಿ ಕೂತು ಹೊಲಿದ ಕೌದಿ ಇರಬೇಕು. ನನ್ನ ಷಡ್ಜ ಆ ಮನೆಯಲ್ಲಿ ಏನಾಗಿತ್ತು ಅಂತ ಆ ಮೊಳೆಗಳು ಹೇಳಿದವು. ವಾಸದ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬಲ್ ಮೀರಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ ಅನ್ನುವುದು ನನಗೆ ತಿಳಿದದ್ದು ಆಮೇಲೆ. ಶನಿವಾರದ ತನಕ ಕಾರು ತೆಗೆಯಲಿಲ್ಲ. ಶನಿವಾರ ಅದೇ ಗಲ್ಲಿಗೆ ಹೋಗಿ ಹಳೆಯ ಡಬ್ಬ ಹಾಕಿಸಿಕೊಂಡು ಬಂದೆ. ಪೈಪನ್ನು ಗುಜರಿಗೆ ಹಾಕಲು ಕೈ ಬರಲಿಲ್ಲ.

ಕಾನೂನು ಗೊತ್ತಿರಲಿ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಶಬ್ದದ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೋಗುತ್ತದೆ. ನಿನಗೆ ದನಿ ಬೇಕಿದ್ದರೆ ಗಾಳಿ ಒಳಹೋಗುವ ಬದಿಯನ್ನು ಮೊದಲು ಕೇಳಿನೋಡು. ಏರ್ ಫಿಲ್ಟರಿನ ಕಡೆಯ ಉಸಿರು ಹೆಚ್ಚಾಗಿ ಓಡಿಸುವವರಿಗೇ ಕೇಳುತ್ತದೆ, ಬೀದಿಗೆ ಅಷ್ಟು ಹೋಗುವುದಿಲ್ಲ. ಪೈಪು ತೆರೆಯಲೇಬೇಕು ಅನಿಸಿದರೆ ಕೊಯಮತ್ತೂರಿನ ಕರಿ ಟ್ರ್ಯಾಕ್ ಇದೆ, ನಾನೂ ಜೊತೆಗೆ ಬರುತ್ತೇನೆ.

ಅದಕ್ಕೂ ಮೊದಲು ಒಂದು ಕೆಲಸ. ಎಸ್ಟೀಮ್ ಇನ್ನೂ ಅಜ್ಜಿಮನೆಯ ಕೊಟ್ಟಿಗೆಯಲ್ಲಿದೆ. ಹೋದ ತಿಂಗಳು ಬ್ಯಾಟರಿ ಹಾಕಿಸಿದೆ, ಎರಡನೇ ಸಲಕ್ಕೆ ಹೊತ್ತಿಕೊಂಡಿತು. ಕಾಫಿ ಒಣಗಿಸುವ ಕಣ ಈಗ ಖಾಲಿ. ಸಂತೆಯ ದಿನ ಕೆಲಸದವರ ಲೈನ್ ಮನೆಗಳಲ್ಲಿ ಮಧ್ಯಾಹ್ನ ಯಾರೂ ಇರುವುದಿಲ್ಲ, ದನಗಳೂ ಕೆಳಗಿನ ಗದ್ದೆಯಲ್ಲಿರುತ್ತವೆ. ಇಬ್ಬರೂ ಸೇರಿ ಡಬ್ಬ ಬಿಚ್ಚಿ ಆ ಪೈಪು ಕಟ್ಟೋಣ. ನೀನು ಮುಳ್ಳನ್ನು 2940ಕ್ಕೆ ತಂದು ನಿಲ್ಲಿಸು, ನಾನು ಪಕ್ಕದಲ್ಲಿ ನಿಂತು ಹಾಡುತ್ತೇನೆ. ನಿನ್ನಪ್ಪನಿಗೂ ಒಂದು ಕುರ್ಚಿ ಹಾಕುತ್ತೇನೆ.

12 ಮತ್ತು 14ರ ಸ್ಪ್ಯಾನರ್ ಇಲ್ಲಿವೆ. ನೀನು ಬರುವಾಗ ಜೆ.ಸಿ. ರೋಡಿನಿಂದ ಎಕ್ಸಾಸ್ಟಿಗೆ ಹಾಕುವ ಗ್ಯಾಸ್ಕೆಟ್ ರಿಂಗ್ ಒಂದು ತಾ. ಹಳೆಯದು ಬಿಚ್ಚಿದರೆ ಪುಡಿಯಾಗುತ್ತದೆ.

ಪ್ರೀತಿಯಿಂದ,
ಅಮ್ಮ