ದೂರದಿಂದ ನೋಡೋ ಆಯಾಮದ ಬಗ್ಗೆನೂ ಬರೀರಿ

ಸಂಪಾದಕರೇ, ನಮಸ್ಕಾರ.

ವಿಜ್ಞಾನ ಪುಟದಲ್ಲಿ ಆಯಾಮದ ಮಾತು ಬಂದಾಗೆಲ್ಲ ಉದ್ದ ಅಗಲ ಎತ್ತರ, ನಾಲ್ಕನೇದು ಕಾಲ, ಅಲ್ಲಿಗೆ ಮುಗೀತು. ತುಂಬಾ ದೂರದಿಂದ ನೋಡಿದ್ರೆ ಒಂದು ಜಾಗಕ್ಕೆ ಎಷ್ಟು ಆಯಾಮ ಅನ್ನೋ ಪ್ರಶ್ನೆಗೆ ಒಂದು ಸಾಲೂ ಸಿಗಲ್ಲ, ಇವತ್ತಿನ ಜಿಯೋಮೆಟ್ರಿಯಲ್ಲಿ ನಂಗೆ ತುಂಬಾ ಇಷ್ಟವಾದ ಪ್ರಶ್ನೆನೇ ಅದು, ಅದಕ್ಕೇ ಈ ಪತ್ರ.

ಎರಡೂ ಕಡೆ ಕೊನೆಯೇ ಇಲ್ಲದ ಸಿಲಿಂಡರ್ ತಗೊಳ್ಳಿ. ಅದರ ಮೈ ಹತ್ತಿರದಿಂದ ಎರಡು ಆಯಾಮದ್ದು, ದೂರ ಸರಿದ್ರೆ ಸುತ್ತಳತೆ ಲೆಕ್ಕಕ್ಕೇ ಬರಲ್ಲ, ಬರೀ ಗೆರೆ ಉಳಿಯುತ್ತೆ. ಇದನ್ನ ಪಕ್ಕಾ ಲೆಕ್ಕದಲ್ಲಿ ಹಿಡಿಯೋಕೆ ಅಸಿಂಪ್ಟೋಟಿಕ್ ಡೈಮೆನ್ಶನ್ ಅನ್ನೋದನ್ನ ಗಣಿತಜ್ಞ ಮಿಖಾಯಿಲ್ ಗ್ರೋಮೋವ್ 1993ರಲ್ಲಿ ತಂದ್ರು. ನೀವೊಂದು ದೂರ ಹೇಳಿ, 10 ಆಗ್ಲಿ ಲಕ್ಷ ಆಗ್ಲಿ. ಜಾಗನೆಲ್ಲ ತುಂಡು ಮಾಡಿ ಬಣ್ಣ ಹಚ್ಬೇಕು, ಒಂದೇ ಬಣ್ಣದ ಎರಡು ತುಂಡುಗಳ ಮಧ್ಯೆ ಆ ದೂರಕ್ಕಿಂತ ಜಾಸ್ತಿ ಅಂತರ ಇರ್ಬೇಕು, ತುಂಡುಗಳ ಸೈಜಿಗೂ ಒಂದು ಮಿತಿ ಇರ್ಬೇಕು. ಎಷ್ಟೇ ದೊಡ್ಡ ದೂರ ಹೇಳಿದ್ರೂ ಕಡಿಮೆ ಅಂದ್ರೆ ಎಷ್ಟು ಬಣ್ಣ ಸಾಕೋ ಅದರಲ್ಲಿ ಒಂದು ಕಳೀರಿ, ಅದೇ ಆಯಾಮ. ಗೆರೆಯಲ್ಲಿ 20 ಉದ್ದ ಕೆಂಪು, 20 ಉದ್ದ ನೀಲಿ ಅಂತ ಹೋದ್ರೆ 10ಕ್ಕೆ ಕೆಲಸ ಆಯ್ತು, ಸಿಲಿಂಡರನ್ನ ಬಳೆ ಥರ ಕತ್ತರಿಸಿದ್ರೆ ಅದಕ್ಕೂ ಎರಡೇ ಬಣ್ಣ, ಸಮತಲಕ್ಕೆ ಮಾತ್ರ ಮೂರು ಬೇಕು. ಇನ್ನು ಕವಲು ಕವಲಾಗಿ ಒಡೀತಾನೇ ಹೋಗೋ ಅನಂತ ಮರದಲ್ಲಿ ಪ್ರತಿ ಹೆಜ್ಜೆಗೂ ತುದಿಗಳು ದುಪ್ಪಟ್ಟಾಗ್ತವೆ, ಆದ್ರೂ ಅದರ ಆಯಾಮ ಒಂದೇ!

ಇದು ಸುಮ್ನೆ ಬಣ್ಣ ಹಚ್ಚೋ ಆಟ ಅಲ್ಲ. ಗ್ರೂಪ್ ಅಂದ್ರೆ ಒಂದಾದ ಮೇಲೊಂದು ಮಾಡಬಹುದಾದ, ವಾಪಸ್ ತಿರುಗಿಸಲೂಬಹುದಾದ ಚಲನೆಗಳ ಗುಂಪು, ಒಂದೊಂದು ಚಲನೆಯನ್ನ ಒಂದು ಬಿಂದು ಅಂದ್ಕೊಂಡ್ರೆ ಅದೂ ಒಂದು ಜಾಗವೇ. ಒಂದು ಗ್ರೂಪಿನ ಈ ಆಯಾಮ ಸೀಮಿತ ಆಗಿದ್ರೆ, ಜೊತೆಗೆ ಇನ್ನೊಂದು ತಾಂತ್ರಿಕ ಷರತ್ತೂ ಇದ್ರೆ, ಅದಕ್ಕೆ ನೋವಿಕೋವ್ ಕಂಜೆಕ್ಚರ್ (ಹೆಚ್ಚು ಆಯಾಮದ ಆಕಾರಗಳ ಬಗೆಗಿನ ಒಂದು ಪ್ರಸಿದ್ಧ ಊಹೆ) ನಿಜ ಅಂತ 1998ರಲ್ಲಿ ಗಣಿತಜ್ಞ ಗುವೊಲಿಯಾಂಗ್ ಯು ತೋರಿಸಿದ್ರು. ಗ್ರೋಮೋವ್ ಅವರದೇ ಇನ್ನೊಂದು ಅಳತೆ ಇದೆ, ಮ್ಯಾಕ್ರೋಸ್ಕೋಪಿಕ್ ಡೈಮೆನ್ಶನ್, ಅದೂ ದೂರದಿಂದ ಕಾಣೋ ಆಯಾಮವನ್ನೇ ಅಳೆಯುತ್ತೆ. ಮ್ಯಾನಿಫೋಲ್ಡ್ ಅಂದ್ರೆ ಹತ್ತಿರದಿಂದ ನೋಡಿದ್ರೆ ಎಲ್ಲಾ ಕಡೆ ಸಾದಾ ಜಾಗದ ಥರಾನೇ ಕಾಣೋ ಆಕಾರ. ಅಂಚಿಲ್ಲದ ಸೀಮಿತ ಮ್ಯಾನಿಫೋಲ್ಡಿನ ಸ್ಕೇಲಾರ್ ಕರ್ವೇಚರ್ (ಬಾಗುವಿಕೆಯ ಒಂದು ಅಳತೆ) ಎಲ್ಲಾ ಕಡೆ ಪಾಸಿಟಿವ್ ಇದ್ರೆ, ಅದರ ಯೂನಿವರ್ಸಲ್ ಕವರ್, ಅಂದ್ರೆ ಅದರ ಸುತ್ತುಗಳನ್ನೆಲ್ಲ ಬಿಚ್ಚಿ ಹರಡಿದ ರೂಪ, ದೂರದಿಂದ ಕನಿಷ್ಠ ಎರಡು ಆಯಾಮ ಕಳ್ಕೊಂಡಿರ್ಬೇಕು ಅಂತ ಅವರ ಊಹೆ. ಉದಾಹರಣೆಗೆ ಗೋಳದ ಮೈಯನ್ನ ವೃತ್ತದ ಜೊತೆ ಗುಣಿಸಿದ್ರೆ, ಅಂದ್ರೆ ವೃತ್ತದ ಪ್ರತಿ ಬಿಂದುವಿಗೂ ಒಂದೊಂದು ಗೋಳದ ಮೈ ಕೂರಿಸಿದ್ರೆ, ಮೂರು ಆಯಾಮದ ಮ್ಯಾನಿಫೋಲ್ಡ್, ಅದರ ವೃತ್ತ ಬಿಚ್ಕೊಂಡು ಗೆರೆ ಆದ್ರೆ ದೂರದಿಂದ ಉಳಿಯೋದು ಆ ಗೆರೆ ಒಂದೇ, ಮೂರು ಹೋಗಿ ಒಂದು. ಕರ್ವೇಚರ್ ಅನ್ನೋದು ಒಂದೊಂದು ಬಿಂದುವಿನ ಹತ್ರ ಅಳೆಯೋ ಸಂಗತಿ, ಅದು ಇಡೀ ಜಾಗದ ದೂರದ ರೂಪವನ್ನೇ ಹಿಡಿದಿಡುತ್ತೆ ಅಂದ್ರೆ ನಂಗೆ ಈಗ್ಲೂ ಮೈ ಜುಮ್ ಅನ್ನುತ್ತೆ. ಮೂರು ಆಯಾಮಕ್ಕೆ ಇದು ಸಾಬೀತಾಗಿದೆ, ಎಲ್ಲಾ ಆಯಾಮಗಳಿಗೂ ಅಂದ್ರೆ ಇನ್ನೂ ಇಲ್ಲ.

ಒಂದು ವಾರ ಅರ್ಧ ಪುಟ ಇದಕ್ಕೆ ಕೊಡಿ, ಬಣ್ಣದ ಚಿತ್ರ ಹಾಕಿದ್ರೆ ಹೈಸ್ಕೂಲ್ ಮಕ್ಕಳಿಗೂ ಅರ್ಥ ಆಗುತ್ತೆ. ಆದ್ರೆ 'ಗಣಿತದ ಪವಾಡ' ಅಂತ ಹೆಡ್ಡಿಂಗ್ ಮಾತ್ರ ದಯವಿಟ್ಟು ಬೇಡ.

– ಒಬ್ಬ ಓದುಗ