ಹುಂಡಿಗೆ ಹಾಕಿದ ದರ್ಜೆ ಸಾಕು, ಕೆಲಸಕ್ಕೂ ಹಾಕಿ: ಮುಜರಾಯಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮುಜರಾಯಿ ಸಚಿವರಿಗೆ ನಮಸ್ಕಾರಗಳು.

ನಾನು ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಯಾವ ಹುದ್ದೆಗೆ ಯಾವ ಗ್ರೇಡ್ ಅಂತ ನೋಡುವುದೇ ನನ್ನ ಕೆಲಸ. ಆ ಕೆಲಸಕ್ಕೆ ಎಷ್ಟು ಕಲಿತಿರಬೇಕು, ಎಷ್ಟು ಹೊತ್ತು ದುಡಿಯಬೇಕು, ಎಡವಟ್ಟಾದರೆ ಯಾರ ತಲೆಗೆ ಬರುತ್ತದೆ, ಇಷ್ಟು ಕೇಳಿಕೊಂಡು ಗ್ರೇಡ್ ಹಾಕುತ್ತೇವೆ. ಬ್ರಾಂಚಿನಲ್ಲಿ ವ್ಯಾಪಾರ ಕಮ್ಮಿ ಅಂತ ಅಲ್ಲಿನ ಕ್ಯಾಷಿಯರನ್ನು ಅಟೆಂಡರ್ ಗ್ರೇಡಿಗೆ ಇಳಿಸುವುದಿಲ್ಲ.

ನಿಮ್ಮ ಇಲಾಖೆಯಲ್ಲಿ ಹೆಚ್ಚುಕಮ್ಮಿ ಅದೇ ಆಗಿದೆ. ದೇವಸ್ಥಾನದ ವರ್ಷದ ಆದಾಯ 25 ಲಕ್ಷ ದಾಟಿದರೆ ‘ಎ’, 5ರಿಂದ 25 ಲಕ್ಷವಾದರೆ ‘ಬಿ’, ಅದಕ್ಕೂ ಕಡಿಮೆಯಾದರೆ ‘ಸಿ’. ಎ, ಬಿ ಎರಡೂ ಸೇರಿ ನಾನೂರರ ಆಸುಪಾಸು. ‘ಸಿ’ ಮಾತ್ರ 34 ಸಾವಿರದಷ್ಟಿವೆ. ಲೆಕ್ಕಪತ್ರಕ್ಕೆ ಈ ವಿಂಗಡಣೆ ಸರಿ. ಒಳಗೆ ದುಡಿಯುವವರ ದರ್ಜೆಯೂ ಹುಂಡಿ ನೋಡಿಕೊಂಡೇ ನಿಂತರೆ ಹೇಗೆ?

ಕುಕ್ಕೆಯಂಥ ಕಡೆ ಅರ್ಚಕರು ಬೇರೆ, ಪರಿಚಾರಕರು ಬೇರೆ, ಅಡುಗೆಯವರು ಬೇರೆ, ಲೆಕ್ಕ ಬರೆಯುವವರು ಬೇರೆ. ನಮ್ಮೂರಿನ ‘ಸಿ’ ದೇವಸ್ಥಾನದಲ್ಲಿ ಇಷ್ಟೂ ಒಬ್ಬರೇ ಭಟ್ಟರು. ಬೆಳಗ್ಗೆ ಐದೂವರೆಗೆ ಬಾವಿ ನೀರು ಸೇದಿ, ಅಭಿಷೇಕ ಮುಗಿಸಿ, ಒಲೆ ಹಚ್ಚಿ ನೈವೇದ್ಯಕ್ಕೆ ಅನ್ನ ಇಡುತ್ತಾರೆ. ಹೊಗೆಗೆ ಕಣ್ಣೊರೆಸಿಕೊಳ್ಳುತ್ತಲೇ ರಸೀದಿ ಪುಸ್ತಕ ತೆಗೆಯುತ್ತಾರೆ. ದೇವರ ಬೆಳ್ಳಿ ಮುಖವಾಡ ಇಟ್ಟ ಪೆಟ್ಟಿಗೆಯ ಬೀಗದ ಕೈ ಅವರ ಜನಿವಾರದಲ್ಲೇ ನೇತಾಡುತ್ತಿರುತ್ತದೆ. ಅದು ಕಳೆದುಹೋದರೆ ಊರು ಕೇಳುವುದು ಅವರನ್ನೇ ಅಲ್ವಾ?

ಇದಕ್ಕೆಲ್ಲ ಸಿಗುವುದು ತಸ್ತಿಕ್. ದೇವಸ್ಥಾನದ ಇನಾಂ ಜಮೀನು ಹೋದದ್ದಕ್ಕೆ ಬದಲಾಗಿ ಸರ್ಕಾರ ಕೊಡುವ ದುಡ್ಡು. 2025ರ ಬಜೆಟ್ಟಿನಲ್ಲಿ ವರ್ಷಕ್ಕೆ 60,000 ಇದ್ದದ್ದು 72,000 ಆಯಿತು, ಸಂತೋಷ. ದಿನಕ್ಕೆ ಸುಮಾರು 200 ರೂಪಾಯಿ. ಎಣ್ಣೆ, ಬತ್ತಿ, ಕರ್ಪೂರ ಕಳೆದು ಉಳಿದರೆ ಅದೇ ಸಂಬಳ. ಪೂಜೆ ಖರ್ಚೂ ಸಂಬಳವೂ ಒಂದೇ ಡಬ್ಬಿಯಲ್ಲಿದ್ದರೆ ಹುದ್ದೆಗೆ ಬೆಲೆ ಕಟ್ಟುವುದಾದರೂ ಎಲ್ಲಿಂದ?

ಅದೇ ಬಜೆಟ್ಟಿನಲ್ಲಿ ಪೇಶ್ ಇಮಾಮರಿಗೆ ತಿಂಗಳಿಗೆ 6,000, ಮುಅಜ್ಜಿನ್‌ಗೆ 5,000 ಅಂತ ಇತ್ತು. ಜಗಳ ಹಚ್ಚುವುದಕ್ಕೆ ಹೇಳುತ್ತಿಲ್ಲ, ಆ ಮೊತ್ತವೂ ಕಮ್ಮಿಯೇ. ಆದರೆ ನಮಾಜ್ ಮಾಡಿಸುವುದು ಒಂದು ಕೆಲಸ, ಅಜಾನ್ ಕೂಗುವುದು ಇನ್ನೊಂದು ಅಂತ ಕಾಗದದ ಮೇಲಾದರೂ ಬಂದಿದೆ. ನಮ್ಮಲ್ಲಿ ಓಲಗ ಊದುವವರು, ಅಂಗಳ ಗುಡಿಸಿ ರಂಗೋಲಿ ಹಾಕುವ ಅಜ್ಜಿ, ಯಾರೂ ಯಾವ ಕಾಗದದಲ್ಲೂ ಇಲ್ಲ. ಅಜ್ಜಿಗೆ ದಿನಾ ಒಂದು ಹೋಳು ಕಾಯಿ, ಜಾತ್ರೆಗೊಂದು ಸೀರೆ. ಅಷ್ಟೇ.

ದೊಡ್ಡ ಸಮಿತಿ ಏನೂ ಬೇಡ. ತಾಲ್ಲೂಕಿಗೆ ಹತ್ತು ‘ಸಿ’ ದೇವಸ್ಥಾನ ಆರಿಸಿ. ಇಲಾಖೆಯವರೊಬ್ಬರು ಒಂದು ವಾರ ಜಗಲಿ ಮೇಲೆ ಕೂತು, ಯಾರು ಏನು ಮಾಡುತ್ತಾರೆ, ಎಷ್ಟು ಹೊತ್ತು ಮಾಡುತ್ತಾರೆ ಅಂತ ಬರೆದುಕೊಳ್ಳಲಿ. ಆಮೇಲೆ ಪೂಜೆ ಖರ್ಚು ಬೇರೆ, ಸಂಬಳ ಬೇರೆ ಮಾಡಿ. ಹುದ್ದೆಗಳಿಗೆ ದರ್ಜೆ ಹಾಕಲು ಕೂತ ದಿನ ಹುಂಡಿ ಲೆಕ್ಕದ ಫೈಲು ಮೇಜಿನ ಮೇಲೆ ಇಡಲೇಬೇಡಿ. ದುಡ್ಡೆಲ್ಲಿದೆ ಅಂತೀರೇನೋ. ದೊಡ್ಡ ದೇವಸ್ಥಾನಗಳಿಂದ ಸಾಮಾನ್ಯ ಸಂಗ್ರಹಣಾ ನಿಧಿಗೆ ಬರುತ್ತದಲ್ಲ, ಅಲ್ಲಿಂದಲೇ ಶುರು ಮಾಡಬಹುದು.

ಮೊದಲು ನಮ್ಮೂರಿಗೇ ಕಳಿಸಿದರೂ ಸರಿ. ಬರುವವರಿಗೆ ಐದು ಗಂಟೆಗೆ ಮುಂಚೆಯೇ ಬರಲು ಹೇಳಿ. ಐದೂವರೆಗೆ ಬಂದರೆ ಅಜ್ಜಿ ಗುಡಿಸಿ ಮನೆಗೆ ಹೋಗಿರುತ್ತಾರೆ.

ಇಂತಿ,
‘ಸಿ’ ದರ್ಜೆ ದೇವಸ್ಥಾನದ ಊರಿನವನು