ನಮ್ಮ ಕಂಪನಿಯ ಲೆಕ್ಕವನ್ನು ನಮಗೇ ತೋರಿಸದಿರುವ ಬಗ್ಗೆ ದೂರು

ಇವರಿಗೆ,
ಅಧ್ಯಕ್ಷರು ಮತ್ತು ನಿರ್ದೇಶಕ ಮಂಡಳಿಯ ಸದಸ್ಯರು,
ಅಡಿಕೆ ಬೆಳೆಗಾರರ ಉತ್ಪಾದಕ ಕಂಪನಿ,
ಕಾಸರಗೋಡು ಜಿಲ್ಲೆ

ಪ್ರತಿ: ಕಂಪನಿಯ ಸಿಇಒ ಅವರಿಗೆ

ವಿಷಯ: ಮೈಲುತುತ್ತು (ಕಾಪರ್ ಸಲ್ಫೇಟ್) ಖರೀದಿ, ವಾರ್ಷಿಕ ಮಹಾಸಭೆ ಮತ್ತು ಸಿಇಒ ಅವರ ಬೋನಸ್ ಕುರಿತು

ಮಾನ್ಯರೇ,

ನಮಸ್ಕಾರ. ನಾನು, ಬೆಳೆಗಾರರೇ ಷೇರು ಹಾಕಿ ಒಡೆಯರಾಗಿರುವ ನಮ್ಮ ಕಂಪನಿಯ ಷೇರುದಾರ ಸದಸ್ಯ. ಷೇರು ಪ್ರಮಾಣಪತ್ರದ ನಕಲು ಜೊತೆಗಿದೆ. ಈ ವಿಷಯಗಳನ್ನು ಸಿಇಒ ಅವರಿಗೆ ಬಾಯಲ್ಲಿ ಹೇಳಿಯಾಗಿದೆ. "ನೋಡುವಾ" ಅಂದರು. ಆಮೇಲೆ ಫೋನಿಗೆ ಸಿಗಲಿಲ್ಲ. ಹಾಗಾಗಿ ಬರೆದೇ ಕಳಿಸುತ್ತಿದ್ದೇನೆ.

ಮೊದಲು ಮೈಲುತುತ್ತಿನ ವಿಚಾರ. ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ, ಅಡಿಕೆಯ ಕೊಳೆರೋಗ ತಡೆಯಲು ಬಿಡುವ ಬೋರ್ಡೋ ಮದ್ದು ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆ ಹೊತ್ತಿಗೆ ಎಲ್ಲ ತೋಟಕ್ಕೂ ಒಟ್ಟಿಗೇ ಬೇಕು. ಮದ್ದು ಬಿಡುವವರು ಸಿಕ್ಕಿದ ದಿನ ಯಾರೂ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಾ ನಿಲ್ಲುವುದಿಲ್ಲ. ಎಲ್ಲರೂ ಸೇರಿ ಒಟ್ಟಿಗೆ ತರಿಸಿದರೆ ಅಗ್ಗಕ್ಕೆ ಸಿಗುತ್ತದೆ ಅಂತಲೇ ಅಲ್ವಾ ನಾವು ಈ ಕಂಪನಿ ಕಟ್ಟಿದ್ದು?

ಈ ವರ್ಷ ಕಂಪನಿಯ ಕೌಂಟರಿನಲ್ಲಿ ಮೈಲುತುತ್ತಿನ ರೇಟು ಬದಿಯಡ್ಕ ಪೇಟೆಯ ಅಂಗಡಿಗಿಂತ ಕಿಲೋಗೆ 40 ರೂಪಾಯಿ ಜಾಸ್ತಿ ಇತ್ತು. ಅದೇ ವಾರದ್ದು, ಅದೇ ತಯಾರಕರದ್ದು. ಎರಡೂ ಬಿಲ್ಲು ಲಗತ್ತಿಸಿದ್ದೇನೆ. ಇನ್ನೊಂದು ವಿಷಯ ಮನೆಗೆ ಬಂದ ಮೇಲೆ ಕಣ್ಣಿಗೆ ಬಿತ್ತು. ಪ್ಯಾಕೆಟ್ಟಿನ ಮೇಲೆ ಬೆಲೆ ಇರುವ ಜಾಗಕ್ಕೆ ಬಿಳಿ ಸ್ಟಿಕ್ಕರ್ ಅಂಟಿಸಿದ್ದರು. ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಕೆರೆದು ತೆಗೆದರೆ ಅಡಿಯಲ್ಲಿ ಮೊದಲೇ ಅಚ್ಚಾದ ಬೆಲೆ, ಸ್ಟಿಕ್ಕರಿನ ಬೆಲೆಗಿಂತ ಕಮ್ಮಿ. ಕಂಪನಿಯಿಂದ ತಂದ ಎಲ್ಲ ಪ್ಯಾಕೆಟ್ಟಿನಲ್ಲೂ ಹೀಗೇ. ಫೋಟೋ ಇದೆ, ಪ್ಯಾಕೆಟ್ಟೂ ಇದೆ. ಪ್ಯಾಕೆಟ್ ಸಾಮಾನಿನ 2011ರ ನಿಯಮದಲ್ಲಿ ಬೆಲೆ ಇಳಿಸುವುದಕ್ಕೆ ಮಾತ್ರ ಸ್ಟಿಕ್ಕರ್ ಹಾಕಬಹುದು, ಅದೂ ಮೊದಲಿನ ಬೆಲೆಯನ್ನು ಮುಚ್ಚದ ಹಾಗೆ. ಏರಿಸುವುದಕ್ಕೆ ಅಲ್ಲ. ಈ ಸ್ಟಿಕ್ಕರ್ ಅಂಟಿಸಿದ್ದು ಸರಬರಾಜು ಮಾಡಿದವರೋ, ನಮ್ಮ ಗೋದಾಮಿನಲ್ಲೋ? ಇದು ನನ್ನ ಮೊದಲ ಪ್ರಶ್ನೆ.

ನನಗೆ ಬೇಕಾದ್ದು 20 ಕಿಲೋ. ಹೆಚ್ಚು ಕೊಟ್ಟದ್ದು 800 ರೂಪಾಯಿ. ಅದಕ್ಕೋಸ್ಕರ ಕೆಲಸ ಬಿಟ್ಟು ಬಸ್ಸು ಹತ್ತಿ ಕಚೇರಿಗೆ ಬಂದು ಗಲಾಟೆ ಮಾಡುವವರು ಯಾರು? ಯಾರೂ ಇಲ್ಲ. ಬಂದವನ ಒಂದು ದಿನದ ಕೂಲಿಯೇ ಅದಕ್ಕಿಂತ ಜಾಸ್ತಿ ಆಗುತ್ತದೆ. ಆದರೆ ನನ್ನ ಹಾಗೆ 500 ಮಂದಿ ತಲಾ 20 ಕಿಲೋ ಕೊಂಡರೆ 10 ಟನ್ ಆಯಿತು, ಹೆಚ್ಚುವರಿ ಹಣ 4 ಲಕ್ಷ. ಕಳಕೊಂಡವರಿಗೆ ಚಿಲ್ಲರೆ, ಗಳಿಸಿದವರಿಗೆ ಇಡಿಗಂಟು. ಇದು ನನ್ನ ಸ್ವಂತ ಶೋಧ ಅಲ್ಲ. ಒಡೆಯರು ತಾವು ನೇಮಿಸಿದವರ ಮೇಲೆ ಕಣ್ಣಿಡುವುದಕ್ಕೂ ಖರ್ಚು ತಗಲುತ್ತದೆ, ಕಣ್ಣಿಡದಿದ್ದರೂ ನಷ್ಟ ಆಗುತ್ತದೆ ಅಂತ 1976ರಲ್ಲೇ ಜೆನ್ಸನ್ ಮತ್ತು ಮೆಕ್ಲಿಂಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ವಿವರವಾಗಿ ಬರೆದಿದ್ದಾರೆ. ಹೈಯರ್ ಸೆಕೆಂಡರಿಯಲ್ಲಿ ಕಾಮರ್ಸ್ ಪಾಠ ಮಾಡಿದವನಾದ್ದರಿಂದ ಇದು ನೆನಪಿಗೆ ಬರುತ್ತದೆ. ನಿಮ್ಮ ಮಂಡಳಿಯಲ್ಲೂ ಇಬ್ಬರು ನನ್ನ ಪಾಠ ಕೇಳಿದವರಿದ್ದಾರೆ, ಅವರಿಗೂ ನೆನಪಿರಬೇಕು.

ಸರಬರಾಜು ಮಾಡಿದವರು ಒಬ್ಬರೇ. ಬೇರೆ ಕಡೆಯಿಂದ ಕೊಟೇಶನ್ ತರಿಸಿದ್ದೀರಾ ಅಂತ ಸಭೆಯಲ್ಲಿ ಕೇಳಿದೆ. "ಅದು ಕಂಪನಿಯ ಒಳಗಿನ ವ್ಯವಹಾರ, ಇಲ್ಲಿ ಹೇಳಲಿಕ್ಕಾಗುವುದಿಲ್ಲ" ಅಂತ ಸಿಇಒ ಉತ್ತರಿಸಿದರು. ಕಂಪನಿಯ ಒಳಗಿನ ವ್ಯವಹಾರವನ್ನು ಕಂಪನಿಯ ಮಹಾಸಭೆಯಲ್ಲಿ ಅಲ್ಲದೆ ಇನ್ನೆಲ್ಲಿ ಹೇಳುವುದು? ಸರಬರಾಜು ಮಾಡಿದ ಆ ಸಂಸ್ಥೆಗೂ ನಮ್ಮಲ್ಲಿ ಯಾರಿಗಾದರೂ ಸಂಬಂಧ ಇದೆ ಅಂತ ನಾನು ಆರೋಪ ಮಾಡುತ್ತಿಲ್ಲ, ನನ್ನ ಹತ್ತಿರ ಆಧಾರ ಇಲ್ಲ. ಸಂಬಂಧ ಇಲ್ಲ ಅಂತ ನೀವು ಬರೆದು ಕೊಡಿ ಅಂತಷ್ಟೇ ಕೇಳುತ್ತಿದ್ದೇನೆ. ನಿರ್ದೇಶಕರು ತಮಗೆ ಹಿತಾಸಕ್ತಿ ಇರುವ ಸಂಸ್ಥೆ ಯಾವುದೆಂದು ಮಂಡಳಿಗೆ ತಿಳಿಸಲೇಬೇಕು, 2013ರ ಕಂಪನಿ ಕಾಯ್ದೆಯ 184ನೇ ಸೆಕ್ಷನ್ ಹೇಳುವುದು ಅದನ್ನೇ. ಉತ್ಪಾದಕ ಕಂಪನಿಯ ಸಿಇಒ ಕೂಡ ಹುದ್ದೆಯಿಂದಲೇ ನಿರ್ದೇಶಕರಾಗುತ್ತಾರೆ, ಅವರಿಗೂ ಇದು ಅನ್ವಯ. ಅಂಥ ಒಪ್ಪಂದಗಳನ್ನು ಬರೆದಿಡುವ ರಿಜಿಸ್ಟರನ್ನು ಸದಸ್ಯರು ನೋಡಬಹುದು ಅಂತ 189ನೇ ಸೆಕ್ಷನ್‌ನಲ್ಲಿ ಇದೆ. ಅದನ್ನು ತೋರಿಸಿ.

ಇನ್ನು ಸಭೆಯ ವಿಚಾರ. ಸಭೆ ನಡೆದದ್ದು ಸೆಪ್ಟೆಂಬರ್ ಕೊನೆಗೆ. ನೋಟಿಸ್ ನನ್ನ ಕೈಗೆ ಬಂದದ್ದು ಸಭೆಗೆ ನಾಲ್ಕು ದಿನ ಇರುವಾಗ. ಅದೂ ಒಂದೇ ಹಾಳೆ. ಉತ್ಪಾದಕ ಕಂಪನಿಗೆ ಕಾನೂನು ಇಟ್ಟಿರುವುದು ಕನಿಷ್ಠ 14 ದಿನದ ಲಿಖಿತ ನೋಟಿಸ್. ಜೊತೆಯಲ್ಲಿ ಕಾರ್ಯಸೂಚಿ, ಹಿಂದಿನ ಸಭೆಯ ನಡಾವಳಿ, ಆಡಿಟ್ ಆದ ಜಮಾಖರ್ಚು, ಮಂಡಳಿಯ ವರದಿ ಎಲ್ಲ ಇರಬೇಕು. ಇದ್ಯಾವುದೂ ಇರಲಿಲ್ಲ. ಇದ್ದ ಒಂದು ಹಾಳೆಯೂ ಇಂಗ್ಲಿಷಿನಲ್ಲಿ, ಅಡಿಗೆ ಎರಡು ಸಾಲು ಮಲಯಾಳ. ನಮ್ಮ ಕಡೆಯ ಹೆಚ್ಚಿನ ಸದಸ್ಯರು ಓದಲು ಕಲಿತದ್ದು ಕನ್ನಡದಲ್ಲಿ. ಷೇರು ಹಣ ಕಟ್ಟಿಸಿಕೊಳ್ಳುವಾಗ ಹಂಚಿದ ಕರಪತ್ರ ಮಾತ್ರ ಚಂದದ ಕನ್ನಡದಲ್ಲೇ ಇತ್ತು!

ಸಭಾಭವನದ ಬಾಗಿಲಲ್ಲಿ ಒಂದು ಮೇಜು. ಒಂದು ದಪ್ಪ ಪುಸ್ತಕಕ್ಕೆ ಸಹಿ ಹಾಕಿದರೆ ಊಟದ ಟೋಕನ್ ಕೊಡುತ್ತಿದ್ದರು. ಚಾ, ಗೋಳಿಬಜೆ ಆಯಿತು. ಸ್ವಾಗತ, ಸನ್ಮಾನ ಮುಗಿಯುವಾಗಲೇ ಗಂಟೆ ಹನ್ನೆರಡೂವರೆ ದಾಟಿತ್ತು. ಆಮೇಲೆ ಸಿಇಒ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲೆ ಅಂಕಿ ತೋರಿಸಿದರು. ಹಿಂದಿನ ಸಾಲಿನಲ್ಲಿ ಕೂತವರಿಗೆ ಅದು ಬರೀ ಬೆಳಕು. ಅಧ್ಯಕ್ಷರು ಎದ್ದು "ಎಲ್ಲರಿಗೂ ಒಪ್ಪಿಗೆ ಅಲ್ವಾ?" ಅಂದರು, ಮುಂದಿನ ಸಾಲಿನಿಂದ ಚಪ್ಪಾಳೆ ಬಂತು. ಲೆಕ್ಕ ಪಾಸು. ನಾನು ಕೈ ಎತ್ತಿದ್ದೆ. ಮೈಕು ನನ್ನ ಹತ್ತಿರ ಬರುವ ಮೊದಲು ಅನ್ನ ಸಾರಿನ ಪರಿಮಳ ಬಂತು, ಜನ ಏಳಲು ಶುರು ಮಾಡಿದರು. ನಾನು ಕೇಳಿದ ಒಂದು ಪ್ರಶ್ನೆಯನ್ನೂ ಆ ಗಡಿಬಿಡಿಯಲ್ಲೇ ಕೇಳಬೇಕಾಯಿತು.

ಸಭೆ ನಡೆಯಬೇಕಾದರೆ ಒಟ್ಟು ಸದಸ್ಯರಲ್ಲಿ ನಾಲ್ಕನೇ ಒಂದು ಪಾಲು ಹಾಜರಿರಬೇಕು. ಆ ಊಟದ ಪುಸ್ತಕವನ್ನೇ ಹಾಜರಿ ಪುಸ್ತಕ ಅಂತ ತೋರಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಸದಸ್ಯರಲ್ಲದ ಮನೆಯವರು, ಡ್ರೈವರುಗಳು ಕೂಡ ಅದಕ್ಕೇ ಸಹಿ ಹಾಕಿ ಉಂಡಿದ್ದಾರೆ. ಉಂಡದ್ದಕ್ಕೆ ನನ್ನ ತಕರಾರಿಲ್ಲ. ನಿಮಗೆ ಗೊತ್ತಿದೆಯೋ ಇಲ್ಲವೋ, ಮಹಾಸಭೆಯನ್ನು ಕಾನೂನಿನ ಪ್ರಕಾರ ಕರೆಯದಿದ್ದರೆ ಉತ್ಪಾದಕ ಕಂಪನಿಯ ನಿರ್ದೇಶಕರ ಸ್ಥಾನವೇ ಖಾಲಿಯಾಗುತ್ತದೆ ಅಂತ ಅದೇ ಕಂಪನಿ ಕಾಯ್ದೆಯ 378ಕ್ಯೂ ಸೆಕ್ಷನ್ ಹೇಳುತ್ತದೆ. ಪ್ರಕೃತಿ ವಿಕೋಪದಂಥ ಕಾರಣಕ್ಕೆ ಮಾತ್ರ ವಿನಾಯಿತಿ. ಹೆದರಿಸಲಿಕ್ಕೆ ಬರೆದದ್ದಲ್ಲ. ನೋಟಿಸ್ ತಡವಾದದ್ದು ಕಚೇರಿಯಲ್ಲಿ, ಕುರ್ಚಿ ಹೋಗುವುದು ನಿಮ್ಮದು, ಅದಕ್ಕಾಗಿ ಹೇಳಿದೆ.

ಮೂರನೆಯದು ಬೋನಸ್. ಸಿಇಒ ಅವರಿಗೆ ಸಂಬಳದ ಮೇಲೆ ವಹಿವಾಟಿನ ಶೇಕಡಾ ಲೆಕ್ಕದಲ್ಲಿ ಬೋನಸ್ ಇದೆ ಅಂತ ಗೋಡೆಯ ಮೇಲಿನ ಆ ಅಂಕಿಗಳಲ್ಲಿ ಒಂದು ಸಾಲು ಹಾದುಹೋಯಿತು. ಲಾಭದ ಮೇಲೆ ಅಲ್ಲ, ವಹಿವಾಟಿನ ಮೇಲೆ. ಆಗ ಒಂದು ವಿಷಯ ಅರ್ಥ ಆಯಿತು. ಕಳೆದ ವರ್ಷದಿಂದ ಕಂಪನಿ ಸದಸ್ಯರಲ್ಲದ ವ್ಯಾಪಾರಿಗಳಿಂದ ಚಾಲಿ (ಒಣಗಿಸಿ ಸುಲಿದ) ಅಡಿಕೆ ಕೊಂಡು, ಹೆಚ್ಚುಕಮ್ಮಿ ಅದೇ ರೇಟಿಗೆ ಮುಂದೆ ಮಾರುತ್ತಿದೆ. ಲಾರಿ ಬಾಡಿಗೆ, ಗೋಣಿ, ಹಮಾಲಿ ಸೇರಿಸಿದರೆ ಕೈಯಿಂದ ಹೋಗುವ ವ್ಯಾಪಾರ ಇದು. ಇದು ಯಾಕೆ ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು. ವಹಿವಾಟು ಉಬ್ಬಿದರೆ ಬೋನಸ್ ಉಬ್ಬುತ್ತದೆ, ನಷ್ಟ ಆದರೆ ಅದು ನಮ್ಮ ಲೆಕ್ಕಕ್ಕೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಇಲ್ಲಿ ಆ 'ಯಾರದೋ' ನಾವೇ. ಸಿಇಒ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಇಂಥ ಕರಾರು ಬರೆದುಕೊಟ್ಟರೆ ಯಾರು ಬಂದರೂ ಹೀಗೇ ಮಾಡುತ್ತಾರೆ. ಕರಾರಿಗೆ ಸಹಿ ಹಾಕಿದವರು ನೀವು.

ಇತ್ತ ಅಡಿಕೆ ಹಾಕಿದ ಸದಸ್ಯರಿಗೆ ಬೆಲೆಯ ಒಂದಂಶ ತಡೆಹಿಡಿದದ್ದು ಇನ್ನೂ ಸಿಕ್ಕಿಲ್ಲ. ವ್ಯವಹಾರ ಮಾಡಿದಷ್ಟಕ್ಕೆ ಸಿಗಬೇಕಾದ ಪ್ಯಾಟ್ರನೇಜ್ ಬೋನಸ್ ಬಗ್ಗೆ ಮಾತೇ ಇಲ್ಲ. ಪಟೋರ, ಕರಿಗೋಟು ಅಂತ ಕಮ್ಮಿ ದರ್ಜೆಯ ಅಡಿಕೆ ಬೇರ್ಪಡಿಸುವಾಗ ಅಡಿಕೆ ತಂದವನನ್ನು ಹೊರಗೆ ನಿಲ್ಲಿಸುತ್ತಾರೆ, ಅದನ್ನೂ ಸರಿಮಾಡಿ.

ಇದೆಲ್ಲ ಕಂಪನಿ ಅಂದ ಮೇಲೆ ಇರುವುದೇ ಅಂತ ನಿಮ್ಮಲ್ಲಿ ಒಬ್ಬರು ನನಗೆ ಹೇಳಿದರು. ಆ ಮಾತಿಗೆ ಉತ್ತರ ಕೊಡಬೇಕು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಒಡೆತನ ಒಬ್ಬರದು, ಹಿಡಿತ ಇನ್ನೊಬ್ಬರದು ಆಗಿದೆ ಅಂತ 1932ರಲ್ಲಿ ಬರ್ಲೆ ಮತ್ತು ಮೀನ್ಸ್ ಎಂಬ ಇಬ್ಬರು ವಿದ್ವಾಂಸರು ತೋರಿಸಿಕೊಟ್ಟರು. ಅಲ್ಲಿ ಷೇರುದಾರರು ಲಕ್ಷಗಟ್ಟಲೆ, ದೇಶದ ಮೂಲೆ ಮೂಲೆಯಲ್ಲಿ ಚದುರಿದವರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅಂಥಲ್ಲಿ ಮ್ಯಾನೇಜರು ಯಜಮಾನ ಆಗುವುದು ಆಶ್ಚರ್ಯ ಅಲ್ಲ. ನಮ್ಮದು ಹಾಗಾ? ನಾವಿರುವುದು ಅಕ್ಕಪಕ್ಕದ ಕೆಲವು ಪಂಚಾಯತುಗಳಲ್ಲಿ. ಮದುವೆಯಲ್ಲಿ, ಯಕ್ಷಗಾನದ ಆಟದಲ್ಲಿ, ಭೂತಕೋಲದಲ್ಲಿ ವಾರಕ್ಕೊಮ್ಮೆ ಸಿಗುತ್ತೇವೆ. ಯಾರ ತೋಟದಲ್ಲಿ ಎಷ್ಟು ಕೊಳೆ ಬಂದಿದೆ ಅಂತ ಎಲ್ಲರಿಗೂ ಗೊತ್ತು. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು. ಇಷ್ಟು ಹತ್ತಿರ ಇರುವವರ ಕೈಯಿಂದಲೂ ಹಿಡಿತ ತಪ್ಪಿದೆ ಅಂದರೆ ಅದಕ್ಕೆ ಕಾರಣ ದೂರ ಅಲ್ಲ. ಕಾಗದಪತ್ರ ನಮಗೆ ಸಿಗದ ಹಾಗೆ ಇಟ್ಟದ್ದು ಕಾರಣ.

ಸಿಇಒ ಸದಸ್ಯರಲ್ಲದವರೇ ಆಗಬೇಕು ಅಂತ ಕಾನೂನೇ ಹೇಳಿದೆ. ಅದು ಒಳ್ಳೆಯದೇ, ಊರಿನ ದಾಕ್ಷಿಣ್ಯ ಇರುವುದಿಲ್ಲ. ಆದರೆ ಅವರು ಕೆಲಸ ಮಾಡಬೇಕಾದ್ದು ಮಂಡಳಿಯ ಮೇಲ್ವಿಚಾರಣೆಯಲ್ಲಿ, ಮಂಡಳಿಯ ಹತೋಟಿಯಲ್ಲಿ ಅಂತಲೂ ಅದೇ ಸೆಕ್ಷನ್‌ನಲ್ಲಿ ಬರೆದಿದೆ. ನೀವು ಒಳ್ಳೆಯ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸತ್ಯಂ ಎಂಬ ಐಟಿ ಕಂಪನಿಯ ಮಂಡಳಿಯಲ್ಲೂ ಹೆಸರಾಂತ ಪ್ರೊಫೆಸರುಗಳಿದ್ದರು. 2008ರ ಡಿಸೆಂಬರ್ 16ರಂದು ಸ್ಥಾಪಕರ ಮನೆಯವರಿಗೇ ಸಂಬಂಧಪಟ್ಟ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಆ ಮಂಡಳಿ ಒಪ್ಪಿತ್ತು. ತಡೆದದ್ದು ಷೇರುದಾರರ ಸಿಟ್ಟು. ಮೂರು ವಾರದಲ್ಲಿ ಲೆಕ್ಕವೇ ಸುಳ್ಳು ಅಂತ ಅಧ್ಯಕ್ಷರೇ ಬರೆದುಕೊಟ್ಟರು. ನಮ್ಮಲ್ಲಿ ಅಷ್ಟು ದುಡ್ಡಿಲ್ಲ, ಸಮಾಧಾನ. ಆದರೆ ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕುವ ಅಭ್ಯಾಸಕ್ಕೆ ದುಡ್ಡಿನ ಲೆಕ್ಕ ಬೇಕಾಗಿಲ್ಲ.

ನನಗೆ ಬೇಕಾದ್ದು ಇಷ್ಟು. ಆಡಿಟ್ ಆದ ಲೆಕ್ಕಪತ್ರ, ಮಂಡಳಿಯ ವರದಿ ಮತ್ತು ಮಹಾಸಭೆಯ ನಡಾವಳಿ ಕನ್ನಡದಲ್ಲೂ ಎಲ್ಲ ಸದಸ್ಯರಿಗೆ ತಲುಪಬೇಕು. ಮೈಲುತುತ್ತು ಖರೀದಿಯ ಬಿಲ್ಲು, ಕೊಟೇಶನ್, ದಾಸ್ತಾನು ಪುಸ್ತಕ ನೋಡಲು ಬಿಡಬೇಕು. ಪೇಟೆಗಿಂತ ಹೆಚ್ಚು ತೆಗೆದುಕೊಂಡ ಹಣವನ್ನು ಕೊಂಡ ಎಲ್ಲ ಸದಸ್ಯರ ಖಾತೆಗೆ ಹಾಕಬೇಕು, ನನ್ನೊಬ್ಬನ ಬಾಯಿ ಮುಚ್ಚಿಸಲು ನನಗೆ ಮಾತ್ರ ಅಲ್ಲ. ವಹಿವಾಟಿನ ಮೇಲಿನ ಬೋನಸ್ ನಿಲ್ಲಿಸಿ, ಬೋನಸ್ ಕೊಡಲೇಬೇಕಾದರೆ ಸದಸ್ಯರ ಕೈಗೆ ಸಿಗುವ ಬೆಲೆಗೆ ಅದನ್ನು ಜೋಡಿಸಬೇಕು. ನಿಯಮದ ಪ್ರಕಾರ ನೋಟಿಸ್ ಕೊಟ್ಟು ಸಭೆಯನ್ನು ಇನ್ನೊಮ್ಮೆ ಕರೆಯಬೇಕು. ಮಂಡಳಿ ಸಭೆಯ ನಡಾವಳಿ ನೋಡುವ ಹಕ್ಕು ಸದಸ್ಯರಿಗಿಲ್ಲ, ಅದು ಗೊತ್ತು, ಅದನ್ನು ಕೇಳುತ್ತಿಲ್ಲ. ಮಹಾಸಭೆಯ ನಡಾವಳಿ ಮಾತ್ರ ಪುಕ್ಕಟೆ ನೋಡುವ ಹಕ್ಕಿದೆ.

ಹೊಸ ಅಡಿಕೆಯ ಕೊಯ್ಲು ಶುರುವಾಗುವ ಮೊದಲು ಇದು ಇತ್ಯರ್ಥ ಆದರೆ ಎಲ್ಲರಿಗೂ ಒಳ್ಳೆಯದು. ಯಾಕೆಂದರೆ ಈ ಸಲ ಅಡಿಕೆ ಎಲ್ಲಿಗೆ ಹಾಕುವುದು ಅಂತ ಸದಸ್ಯರು ಆಗ ತೀರ್ಮಾನ ಮಾಡುತ್ತಾರೆ. ಈ ಪತ್ರ ಸಿಕ್ಕಿ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ ಮೂರನೇ ಒಂದು ಪಾಲು ಸದಸ್ಯರ ಸಹಿ ಸಂಗ್ರಹಿಸಿ ವಿಶೇಷ ಮಹಾಸಭೆ ಕರೆಯಲು ಕೋರಿಕೆ ಕೊಡುತ್ತೇವೆ. ಎರ್ನಾಕುಳಂನ ಕಂಪನಿ ರಿಜಿಸ್ಟ್ರಾರರಿಗೂ ಬರೆಯುತ್ತೇನೆ. ಸಹಿ ಸಂಗ್ರಹದ ಹಾಳೆ ಈಗಾಗಲೇ ಅಂಗಡಿಗಳಲ್ಲಿ ಓಡಾಡುತ್ತಿದೆ.

ದಾಖಲೆ ನೋಡಲು ಯಾವ ದಿನ, ಎಷ್ಟು ಗಂಟೆಗೆ ಕಚೇರಿಗೆ ಬರಬೇಕು ಅಂತ ಉತ್ತರದಲ್ಲೇ ತಿಳಿಸಿ. ನನ್ನ ಜೊತೆ ಇನ್ನಿಬ್ಬರು ಸದಸ್ಯರು ಬರುತ್ತಾರೆ. ಒಬ್ಬರು ಬ್ಯಾಂಕಿನಲ್ಲಿ ಲೆಕ್ಕ ನೋಡಿದವರು.

ಇಂತಿ ನಿಮ್ಮ,
ಕಂಪನಿಯ ಸದಸ್ಯ ಮತ್ತು ಅಡಿಕೆ ಬೆಳೆಗಾರ

ಲಗತ್ತು: ಷೇರು ಪ್ರಮಾಣಪತ್ರದ ನಕಲು, ಮೈಲುತುತ್ತಿನ ಎರಡು ಬಿಲ್ಲು, ಸ್ಟಿಕ್ಕರಿನ ಫೋಟೋ, ಮಹಾಸಭೆಯ ನೋಟಿಸ್ ಮತ್ತು ಅಂಚೆ ಮುದ್ರೆ ಇರುವ ಅದರ ಲಕೋಟೆಯ ನಕಲು